ಕಾರ್ಬನ್ ಪ್ರತಿ

ಮಜಗಾಂವ್ ಕೋರ್ಟಿನ ಗೋಡೆಗೆ ಒರಗಿದ ನನ್ನ ಮೇಜಿಗೆ
ಮೂರೇ ಕಾಲು. ನಾಲ್ಕನೆಯದು ಇಟ್ಟಿಗೆ.
ಟಾರ್ಪಾಲಿನ ಕೆಳಗೆ ಹನ್ನೊಂದು ವರ್ಷ
ಬಾಡಿಗೆಯ ತಕರಾರು, ರೇಷನ್ ಕಾರ್ಡು,
ಸತ್ತವರ ಹೆಸರು ತೆಗೆಸುವುದು, ಹುಟ್ಟಿದವರದು ಸೇರಿಸುವುದು.
ಪುಟಕ್ಕೆ ಎರಡೂವರೆ ರೂಪಾಯಿ.

ಮುದುಕಿ ಬಂದದ್ದು ಊಟದ ಹೊತ್ತಿಗೆ.
ಕೈಯಲ್ಲಿ ಹಳದಿ ಕಾಗದ, ಗಾಳಿಪಟದ ಕಾಗದದಷ್ಟು ತೆಳು.
ಅರ್ಜಿ ಹೊಡೀಬೇಕು, ಅಂದಳು ಮುಂಬಯಿ ಹಿಂದಿಯಲ್ಲಿ.
ಯಾರಿಗೆ?
ಮೇಲಿನವರಿಗೆ.
ಹೈಕೋರ್ಟಿಗಾ?
ಇನ್ನೂ ಮೇಲೆ, ಎಂದು
ಟಾರ್ಪಾಲಿನ ತೂತು ತೋರಿಸಿದಳು.

ನವಾಬ್ ಟ್ಯಾಂಕಿನ ಓಣಿಯಲ್ಲಿ ಅವರದೊಂದು ಗುಡಿ,
ಕೆಂಪು ಬಾಗಿಲು, ಹಾದುಹೋಗುವಾಗ ನೋಡಿದ್ದೆ.
ಅಲ್ಲಿ ಅರ್ಜಿ ಬರೆಯುತ್ತಿದ್ದ ಪುರೋಹಿತ
ಕಲ್ಕತ್ತಾ ಸೇರಿ ಅಲ್ಲೇ ತೀರಿಕೊಂಡ.
ಕುಂಚ ಇದೆ. ಹಿಡಿಯುವ ಕೈ ಇಲ್ಲ.

ಆಮೇಲೆ ಅವಳು ಹೇಳಿದ್ದಕ್ಕೆ ನನಗೇನೂ ಆಶ್ಚರ್ಯವಾಗಲಿಲ್ಲ:
ಸ್ವರ್ಗವೂ ಒಂದು ಕಚೇರಿ.
ಗುಡುಗಿಗೊಂದು ಖಾತೆ, ಸಿಡುಬಿಗೊಂದು.
ಒಲೆಯ ದೇವರು ವರ್ಷದ ಕೊನೆಗೆ
ಮನೆಮನೆಯ ವರದಿ ಹೊತ್ತು ಹೊರಡುತ್ತಾನೆ,
ಅದಕ್ಕೇ ಮುಂಚೆ ಅವನ ತುಟಿಗೆ ಜೇನು ಸವರುವುದಂತೆ.
ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಸೀಮೆಯವನು ನಾನು,
ಜೇನಿನ ವಿಚಾರ ಬಿಡಿಸಿ ಹೇಳಬೇಕಿರಲಿಲ್ಲ.

ಹೆಸರು, ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆ,
ಬೀದಿ, ಮಹಡಿ, ಖೋಲಿ ನಂಬರು:
ಒಂದಕ್ಷರ ತಪ್ಪಿದರೆ ಕಾಗದ ಉರಿದರೂ ಮುಟ್ಟುವುದಿಲ್ಲ.
ಗಂಡ ತಾಮ್ ಯಿಕ್-ಫಾಯ್, ಡಾಕಿನಲ್ಲಿ ಬಡಗಿ.
ಅರವತ್ತೆರಡರಲ್ಲಿ, ಹುಲಿಯ ವರ್ಷ, ವಿಚಾರಣೆಗೆ ಕರೆದರು.
ಉಳಿ ಒರೆಸಿಟ್ಟು ಹೋದ.
ರಿಜಿಸ್ಟರಿನಲ್ಲಿ ಯಾರೋ ನನ್ನಂಥವನು
ತಾಮ್ ಅನ್ನು ಥಾಮಸ್ ಮಾಡಿದ.
ಥಾಮಸ್ ಎಲ್ಲಿ ಎಂದರೆ, ಅವನು ನಿನಗೇನಾಗಬೇಕು?
ತಾಮ್ ಎಲ್ಲಿ ಎಂದರೆ, ಅಂಥವನು ಬಂದೇ ಇಲ್ಲ.
ಇಪ್ಪತ್ತನಾಲ್ಕು ವರ್ಷ. ಹುಲಿ ಎರಡನೇ ಸಲ ತಿರುಗಿ ಬಂದಿದೆ.

ಸತ್ತವನೆಂದು ಎಡೆ ಇಡಲೋ,
ಬರುವವನೆಂದು ತಟ್ಟೆ ಇಡಲೋ,
ಅಷ್ಟು ತಿಳಿಸಿದರೆ ಸಾಕು. ಬೇರೆ ಕೋರಿಕೆ ಇಲ್ಲ.

‘ವಿಷಯ’ ಎಂದು ಹೊಡೆದು ನಿಲ್ಲಿಸಿದೆ.
ಅಲ್ಲಿ ಇಂಗ್ಲಿಷು ನಡೆಯುತ್ತದೆಯೇ?
ಹಡಗಿನವರು ಎಷ್ಟು ಜನ ಹೋಗಿದ್ದಾರೆ,
ಯಾರಾದರೂ ಓದಿ ಹೇಳುತ್ತಾರೆ ಬಿಡು.
ಕೊನೆಗೆ ಬರೆದವನ ಹೆಸರು, ಪದವಿ, ಜನ್ಮದ ಗಳಿಗೆ.
ಅರ್ಜಿ ಒಯ್ಯುವವನೂ ಅರ್ಜಿಯೊಳಗೆ ನಿಲ್ಲಬೇಕು, ಅದು ಕ್ರಮ.
ಪದವಿ: ಫೋರ್ಟಿನ ಕನ್ನಡ ರಾತ್ರಿಶಾಲೆ, ಹತ್ತನೆಯದು,
ಎರಡನೇ ಸಲಕ್ಕೆ ಪಾಸು.
ಗಳಿಗೆ: ಹಾಲು ಕಾಸುವ ಹೊತ್ತು, ಅನ್ನುತ್ತಿದ್ದಳು ಅವ್ವ.
ಅದು ಇಂಗ್ಲಿಷಿನಲ್ಲಿ ಕೂರಲಿಲ್ಲ.
ಹಾಳೆ ಹೊರಗೆಳೆದು, ಪೆನ್ನಿನ ನಿಬ್ಬು ಒದ್ದೆ ಮಾಡಿ,
ಎಷ್ಟೋ ವರ್ಷದ ಮೇಲೆ ಕನ್ನಡದಲ್ಲಿ ಬರೆದೆ:
ಗುರುಪಾದ ಯಾದವಾಡ. ಹಾಲು ಕಾಸುವ ಹೊತ್ತು.
ದುಡ್ಡು ಬೇಡವೆಂದರೆ ಕೇಳಲಿಲ್ಲ.
ದಕ್ಷಿಣೆಯಿಲ್ಲದ ಅರ್ಜಿ ಅರ್ಧದಾರಿಯಲ್ಲಿ ಕೂತುಬಿಡುತ್ತದಂತೆ.

ಗುಡಿಯ ಮಹಡಿಯಲ್ಲಿ ಉದ್ದ ಗಡ್ಡದ, ಕೆಂಪು ಮೋರೆಯ ದೇವರು.
ಚಂದ್ರನ ಹೋಳಿನಂಥ ಎರಡು ಮರದ ತುಂಡು,
ಹಡಗಿನ ತೇಗ, ಗಂಡ ಕೆತ್ತಿದ್ದು.
ಒಂದು ಅಂಗಾತ ಒಂದು ಬೋರಲು ಬಿದ್ದರೆ ಹೌದು.
ಎರಡೂ ಬೋರಲಾದರೆ ಇಲ್ಲ.
ಎರಡೂ ಅಂಗಾತವಾದರೆ ದೇವರು ನಗುತ್ತಿದ್ದಾನೆ.
ನಮ್ಮೂರಲ್ಲಿ ಅವ್ವ ಲಿಂಗದ ನೆತ್ತಿಯ ಹೂ ನೋಡುತ್ತ
ಊಟ ಬಿಟ್ಟು ಕೂರುತ್ತಿದ್ದಳು,
ಬಲಕ್ಕೆ ಜಾರಲಿ, ಬಲಕ್ಕೆ ಜಾರಲಿ.

ಮೂರು ಸಲ ಎಸೆದಳು. ಮೂರು ಸಲವೂ ನಗು.
ನಿನ್ನ ಟೈಪಿಂಗ್ ನೋಡಿ ನಗುತ್ತಿದ್ದಾನೆ, ಅಂದಳು,
ಅವಳೂ ನಕ್ಕಳು, ಹಲ್ಲಿಲ್ಲದ ಬಾಯಿ.
ಹಾಗೇ ದೀಪಕ್ಕೆ ಹಿಡಿದಳು.
ಉರಿ ಮೊದಲು ಮುಟ್ಟಿದ್ದು ‘ಮಾನ್ಯರೇ’ಗೆ.
ಒಂದು ಕರಿಯ ಚೂರು ಕಿಟಕಿ ದಾಟಿ
ಡಾಕಿನ ಕ್ರೇನುಗಳ ಕಡೆ ತೇಲಿತು.

ಅಭ್ಯಾಸ ಬಲ, ಕಾರ್ಬನ್ ಇಟ್ಟೇ ಹೊಡೆದಿದ್ದೆ.
ನಕಲು ನನ್ನ ಖಾನೆಯಲ್ಲಿದೆ, ಅದರಲ್ಲಿ
ತಾಮ್ ತಾಮ್ ಆಗಿಯೇ ಇದ್ದಾನೆ.
ನನ್ನ ಹೆಸರು ಮಾತ್ರ ಬಿದ್ದಿಲ್ಲ,
ಅದು ಮೂಲಪ್ರತಿಯ ಜೊತೆ ಹೋಯಿತು.

ಮಳೆಗಾಲಕ್ಕೆ ಮುಂಚೆ ಟಾರ್ಪಾಲು ಹೊಲಿಯಲು ಬಂದವನು
ಈ ತೂತು? ಅಂದ.
ಇರಲಿ ಬಿಡು, ಅಂದೆ.
ಅದರ ಕೆಳಗೊಂದು ಡಾಲ್ಡಾ ಡಬ್ಬ ಇಟ್ಟಿದ್ದೇನೆ.